ವಾರ್ಡ್‌ರೋಬಿನ ಹಿಂದಿನ ಗೋಡೆ: ಒಂದು ಬಚ್ಚಲುಮನೆಯ ಪ್ರಕರಣ

ಅಕ್ಕ ಫೋನ್ ಮಾಡಿದ್ದು ಸೀರೆಯ ವಿಷಯಕ್ಕೆ. ವಾರ್ಡ್‌ರೋಬಿನಲ್ಲಿ ಮಡಿಸಿಟ್ಟಿದ್ದ ಮೈಸೂರು ಸಿಲ್ಕ್ ಸೀರೆಗಳಿಗೆ ಬೂಷ್ಟು ಹಿಡಿದಿತ್ತು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಹಿಂದಿನ ಪ್ಲೈವುಡ್ ಹಪ್ಪಳದ ಹಾಗೆ ಎದ್ದಿತ್ತು. "ಊರವರ ಮನೆ ಸೋರೋದನ್ನೆಲ್ಲ ನಿಲ್ಲಿಸ್ತೀಯ. ನಮ್ಮನೆ ಗೋಡೆ ಯಾವಾಗ ನೋಡ್ತೀಯ?" ಅಂದಳು. ನಾನು ಸಿವಿಲ್ ಎಂಜಿನಿಯರ್. ಹಳೇ ಮನೆಗಳ ರಿಪೇರಿಯೇ ನನ್ನ ಕೆಲಸ. ಆ ಭಾನುವಾರವೇ ಹೋದೆ.

ಮನೆ ಬೆಂಗಳೂರಿನಲ್ಲಿ, 30-40 ಸೈಟಿನಲ್ಲಿ. ಕೆಳಗೆ ಬಾಡಿಗೆಯವರು, ಮೇಲೆ ಅಕ್ಕನ ಸಂಸಾರ. ಕಟ್ಟಿ 11 ವರ್ಷವಾಗಿತ್ತು. ಹೊರಗೋಡೆ 6 ಇಂಚಿನ ಸಿಮೆಂಟ್ ಬ್ಲಾಕ್, ಒಳಗೋಡೆ 4 ಇಂಚು. ಮಲಗುವ ಕೋಣೆಯ ವಾರ್ಡ್‌ರೋಬ್ ಒರಗಿರುವ ಗೋಡೆಯ ಆಚೆ ಬದಿಗೆ ಬಾತ್‌ರೂಮು. ಅಲ್ಲಿ ಸರಿಯಾಗಿ ಅದೇ ಗೋಡೆಗೆ ಷವರ್, ನೀರನ್ನು ಷವರಿಗೋ ನಲ್ಲಿಗೋ ತಿರುಗಿಸುವ ಡೈವರ್ಟರ್, ನಲ್ಲಿ ಎಲ್ಲಾ ಇವೆ. ಇಂಥ ಪ್ಲಾನು ಬೆಂಗಳೂರಲ್ಲಿ ಬೀದಿಗೊಂದು ಸಿಗುತ್ತದೆ. ಜಾಗ ಉಳಿಸೋಕೆ ಬೇರೆ ದಾರಿ ಇರೋಲ್ಲ.

ಪ್ಲೈವುಡ್ ಬಿಚ್ಚಿಸಿ ಗೋಡೆ ನೋಡಿದೆ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದ ತನಕ ತೇವ. ಬಣ್ಣ ಗುಳ್ಳೆ ಎದ್ದು, ಪುಟ್ಟಿ ಉದುರಿ, ಬಿಳಿ ಉಪ್ಪು ಹೊರಗೆ ಬಂದಿತ್ತು. ಎಲ್ಲಕ್ಕಿಂತ ಕಪ್ಪಗಿದ್ದ ಜಾಗ ಮೂರು ಅಡಿ ಎತ್ತರದಲ್ಲಿ. ಅದರ ಆಚೆ ಬದಿಗೆ ಡೈವರ್ಟರ್ ಇದೆ. ಹೀಗಾಗಿ ಬಂದವರೆಲ್ಲ ಒಂದೇ ಮಾತು ಹೇಳಿದ್ದರು: ಪೈಪ್ ಲೀಕು.

ಅಷ್ಟರಲ್ಲಿ ಎರಡು ರಿಪೇರಿ ಮುಗಿದಿದ್ದವು. ಮೊದಲನೆಯದರಲ್ಲಿ ಪೇಂಟರ್ ಕೋಣೆಯ ಬದಿಗೆ ಕೆರೆದು, ತೇವ ತಡೆಯುವ ಬಣ್ಣ ಹೊಡೆದ. ಎಂಟು ತಿಂಗಳಿಗೆ ಗುಳ್ಳೆ ಬಂತು. ನೀರು ಬರುವ ಬದಿಯನ್ನು ಬಿಟ್ಟು ಕಾಣುವ ಬದಿಗೆ ಬಣ್ಣ ಹೊಡೆದರೆ ಅಷ್ಟೇ. ಎರಡನೆಯದರಲ್ಲಿ ಒಬ್ಬರು ಬಂದು "ಟೈಲ್ಸ್ ಒಡೆಯದೆ ವಾಟರ್‌ಪ್ರೂಫಿಂಗ್" ಅಂತ ಹೇಳಿ ಟೈಲ್ಸ್ ಸಂದುಗಳಿಗೆ ಎಪಾಕ್ಸಿ ಗ್ರೌಟ್, ಅಂದರೆ ನೀರು ಹೀರದ ರಾಳದ ಭರ್ತಿ, ತುಂಬಿದರು. ಹಳೇ ಗ್ರೌಟನ್ನು ಮೇಲೆ ಮೇಲೆ ಕೆರೆದಿದ್ದರಿಂದ ಹೊಸದು ಅಂಟಿಕೊಳ್ಳಲು ಆಳವೇ ಸಿಗಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಳೆ ಎಳೆಯಾಗಿ ಎದ್ದು ಬಂತು.

ನೀರು ಎಲ್ಲಿಂದ?

ಸುತ್ತಿಗೆ ಹಿಡಿಯುವ ಮುಂಚೆ ಇದನ್ನು ಪಕ್ಕಾ ಮಾಡಿಕೊಳ್ಳಬೇಕಿತ್ತು. ಬಚ್ಚಲಿನ ಪಕ್ಕದ ಗೋಡೆಗೆ ನೀರು ಮೂರು ಕಡೆಯಿಂದ ಬರಬಹುದು. ಒಳಗಿನ ಪೈಪಿನಿಂದ, ನೆಲದಿಂದ, ಇಲ್ಲವೇ ಸ್ನಾನದ ನೀರು ಗೋಡೆಯ ಟೈಲ್ಸ್ ದಾಟಿ. ನೆಲದ ಮೇಲೆ ನನಗೆ ಅನುಮಾನ ಕಡಿಮೆ ಇತ್ತು, ಯಾಕಂದರೆ ಕೆಳಗಿನ ಬಾಡಿಗೆ ಮನೆಯ ಚಾವಣಿ ಪೂರಾ ಒಣಗಿತ್ತು. ಆದರೂ ಅನುಮಾನವನ್ನೇ ನಂಬಿ ಒಡೆಯೋಕೆ ಆಗೋಲ್ಲ. ತೇವದ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಎಲ್ಲಾ ಪ್ರಕರಣದಲ್ಲೂ ಮೊದಲು ಮಾಡುವ ಕೆಲಸ ಇದು. ಇದಕ್ಕೆ ಯಾವ ಮೆಷಿನ್ನೂ ಬೇಡ.

ಸುಳಿವು ಕೊಟ್ಟವರು ಅಕ್ಕನ ಅತ್ತೆ. ದಸರಾ ರಜೆಗೆ ಅಕ್ಕ, ಭಾವ, ಮಕ್ಕಳು ಶಿವಮೊಗ್ಗದ ಕಡೆ ಹೋದರು. ಮನೆಯಲ್ಲಿ ಅತ್ತೆಯವರು ಮತ್ತು ಅವರ ತಂಗಿ ಇಬ್ಬರೇ. ಎರಡು ವಾರದ ಮೇಲೆ ನಾನು ಹೋಗಿ ನೋಡಿದರೆ ತೇವ ಪೆನ್ಸಿಲ್ ಗೆರೆಯಿಂದ ಒಂದು ಗೇಣು ಒಳಕ್ಕೆ ಸರಿದಿತ್ತು. ಗೋಡೆ ಬೆಳ್ಳಗಾಗುತ್ತಿತ್ತು. "ಅಮ್ಮಾ, ನೀವು ಈ ಬಾತ್‌ರೂಮು ಬಳಸ್ತಾ ಇಲ್ವಾ?" ಅಂತ ಕೇಳಿದೆ. "ಇಬ್ಬರೂ ದಿನಾ ಇದರಲ್ಲೇ ಸ್ನಾನ ಮಾಡೋದಪ್ಪ. ಆದರೆ ನಮಗೆ ಆ ಮೇಲಿಂದ ಸುರಿಯೋದು ಆಗಿಬರಲ್ಲ. ಸ್ಟೂಲ್ ಮೇಲೆ ಕೂತು ಬಕೆಟ್ಟು, ಚೊಂಬು" ಅಂದರು.

ಅಲ್ಲಿಗೆ ಅರ್ಧ ಪ್ರಕರಣ ಬಿಡಿಸಿದ ಹಾಗಾಯಿತು. ನೆಲ ದಿನಾ ನೆನೆಯುತ್ತಿತ್ತು, ಹಾಗಾದರೆ ನೆಲದ್ದಲ್ಲ. ನಲ್ಲಿಗೆ ಬರುವ ಪೈಪಿನಲ್ಲಿ ನೀರು ಸದಾ ಒತ್ತಡದಲ್ಲೇ ಇರುತ್ತದೆ, ಹಾಗಾದರೆ ಅದೂ ಅಲ್ಲ. ಷವರ್ ಬಿಟ್ಟಾಗ ಮಾತ್ರ ತೇವ.

ಇಲ್ಲಿ ಒಂದು ಕೊಕ್ಕೆ ಇದೆ. ಡೈವರ್ಟರಿನಿಂದ ಷವರಿಗೆ ಗೋಡೆಯೊಳಗೆ ಮೇಲಕ್ಕೆ ಹೋಗುವ ಪೈಪಿನಲ್ಲಿ ನೀರು ಬರುವುದು ಷವರ್ ತಿರುಗಿಸಿದಾಗ ಮಾತ್ರ. ಅದರಲ್ಲಿ ತೂತಿದ್ದರೂ ಲಕ್ಷಣ ಹೀಗೇ ಕಾಣುತ್ತದೆ. ಇದನ್ನು ಮರೆತು ಟೈಲ್ಸ್ ಒಡೆಸಿ, ಆಮೇಲೆ ಪೈಪೇ ಒಡೆದಿತ್ತು ಅಂತ ತಲೆ ಮೇಲೆ ಕೈ ಹೊತ್ತವರನ್ನು ನೋಡಿದ್ದೇನೆ. ಅದಕ್ಕೆ ಷವರ್ ತಲೆ ಬಿಚ್ಚಿ, ಆ ಬಾಯಿಗೆ ಪ್ಲಗ್ ಹಾಕಿ, ಡೈವರ್ಟರನ್ನು ಷವರ್ ಕಡೆಗೆ ತಿರುಗಿಸಿ ಮೂರು ದಿನ ಹಾಗೇ ಬಿಟ್ಟೆ. ಊರಿಂದ ಬಂದ ಅಕ್ಕನ ಮನೆಯವರು ಇನ್ನೊಂದು ಬಾತ್‌ರೂಮು ಬಳಸಿದರು. ಗೋಡೆ ಒಣಗುತ್ತಲೇ ಹೋಯಿತು. ನಾಲ್ಕನೇ ದಿನ ತೋಟಕ್ಕೆ ಹಾಕುವ ಹೋಸ್ ಪೈಪು ತಂದು, ಬರೀ ಟೈಲ್ಸ್ ಗೋಡೆಯ ಮೇಲೆ ಎದೆಮಟ್ಟದಲ್ಲಿ ಅರ್ಧ ಗಂಟೆ ನೀರು ಬಿಟ್ಟೆ. ಸಂಜೆ ಇನ್ನರ್ಧ ಗಂಟೆ. ಮಾರನೇ ಬೆಳಗ್ಗೆ ಹೊತ್ತಿಗೆ ಕಪ್ಪು ಕಲೆ ವಾಪಸ್ ಬಂದಿತ್ತು.

ಭಾವ ಮಾತ್ರ ಒಪ್ಪಲಿಲ್ಲ. "ಟೈಲ್ಸ್ ಇರೋದೇ ನೀರು ತಡೆಯೋಕೆ ಅಲ್ವೇನೋ? ಚೆನ್ನಾಗೇ ಇದೆ, ಒಂದೂ ಬಿರುಕು ಬಿಟ್ಟಿಲ್ಲ."

ಈ ಮಾತು ನಾನು ತಿಂಗಳಿಗೆ ಒಂದು ಸಲವಾದರೂ ಕೇಳುತ್ತೇನೆ. ಗೋಡೆಗೆ ಹಾಕುವ ಸಾಧಾರಣ ಸೆರಾಮಿಕ್ ಟೈಲ್ಸ್ ತನ್ನ ತೂಕದ ನೂರಕ್ಕೆ 10 ಭಾಗಕ್ಕಿಂತ ಜಾಸ್ತಿ ನೀರು ಕುಡಿಯಬಲ್ಲದು. ಮುಂದಿನ ಹೊಳಪು ಮಾತ್ರ ನೀರು ಬಿಡದು, ಹಿಂಬದಿ ಬರೀ ಸುಟ್ಟ ಮಣ್ಣು. ಟೈಲ್ಸ್ ನಡುವಿನ ಗ್ರೌಟ್ ಬರೀ ಸಿಮೆಂಟ್, ಅದೂ ನೀರು ಹೀರುತ್ತದೆ. ಈ ಮನೆಯಲ್ಲಿ ಇನ್ನೊಂದು ಕಥೆ ಇತ್ತು. ಬೋರ್‌ವೆಲ್ ನೀರು ಗಡುಸು, ಟೈಲ್ಸ್ ಮೇಲೆ ಬಿಳಿ ಕಲೆ ಕೂರುತ್ತಿತ್ತು. ಅದನ್ನು ತೆಗೆಯೋಕೆ ವಾರಕ್ಕೊಮ್ಮೆ ಆಸಿಡ್. ಬಿಳಿ ಕಲೆಯೂ ಸುಣ್ಣದ ಅಂಶವೇ, ಸಿಮೆಂಟಿನಲ್ಲೂ ಸುಣ್ಣದ ಅಂಶವೇ. ಆಸಿಡ್ ಎರಡನ್ನೂ ಕರಗಿಸುತ್ತದೆ. ಹತ್ತು ವರ್ಷದಲ್ಲಿ ಗ್ರೌಟ್ ಅಂತ ಏನೂ ಉಳಿದಿರಲಿಲ್ಲ. ಸಂದಿನಲ್ಲಿ ಗುಂಡುಪಿನ್ನು ಸಲೀಸಾಗಿ ಇಳಿಯುತ್ತಿತ್ತು. ಅದನ್ನು ಇಳಿಸಿ ತೋರಿಸಿದ ಮೇಲೆ ಭಾವ ಸುಮ್ಮನಾದರು.

ಒಡೆದಾಗ ಕಂಡದ್ದು

ಷವರ್ ಇರುವ ಐದು ಅಡಿ ಗೋಡೆ, ಅದಕ್ಕೆ ಮೂಲೆಯಲ್ಲಿ ಸೇರುವ ಪಕ್ಕದ ಗೋಡೆಯಲ್ಲಿ ನಾಲ್ಕು ಅಡಿ, ಎರಡೂ ಏಳು ಅಡಿ ಎತ್ತರದ ತನಕ. ಇಷ್ಟು ಒಡೆಯೋದು ಅಂತ ತೀರ್ಮಾನವಾಯಿತು. ಒಂದೇ ಗೋಡೆ ಸಾಕು ಅನ್ನುವ ವಾದ ಒಂದು ದಿನ ನಡೆಯಿತು. ಮೂಲೆಯೇ ಎಲ್ಲಕ್ಕಿಂತ ಮೊದಲು ಬಿರುಕು ಬಿಡುವ ಜಾಗ, ಅದನ್ನು ಅರ್ಧಕ್ಕೆ ಬಿಟ್ಟರೆ ಕೆಲಸವೇ ದಂಡ ಅಂದೆ.

ಟೈಲ್ಸ್ ತೆಗೆಯೋಕೆ ಕಷ್ಟವೇ ಆಗಲಿಲ್ಲ. ಅರ್ಧಕ್ಕರ್ಧ ಟೊಳ್ಳು. ಹಿಂದಿನ ಮೇಸ್ತ್ರಿ ಪ್ರತಿ ಟೈಲ್ಸಿನ ಹಿಂದೆ ನಾಲ್ಕು ಮೂಲೆಗೆ ನಾಲ್ಕು, ಮಧ್ಯಕ್ಕೆ ಒಂದು ಸಿಮೆಂಟ್ ಉಂಡೆ ಇಟ್ಟು ಒತ್ತಿದ್ದ. ಉಂಡೆಗಳ ನಡುವೆ ಖಾಲಿ ಜಾಗ. ಗ್ರೌಟ್ ದಾಟಿ ಬಂದ ನೀರು ಅಲ್ಲಿ ನಿಂತು, ಹೊರಗೆ ಹೋಗಲು ದಾರಿಯಿಲ್ಲದೆ ನಿಧಾನಕ್ಕೆ ಗೋಡೆಗೆ ಇಳಿಯುತ್ತಿತ್ತು. ಒಂದು ಟೈಲ್ಸ್ ಎತ್ತಿದಾಗ ಸೋಪಿನ ವಾಸನೆಯ ನೀರು ಮೇಸ್ತ್ರಿಯ ಮುಂಗೈ ಮೇಲೆ ಹರಿಯಿತು.

ಮೂರು ಅಡಿ ಎತ್ತರದ ಕಪ್ಪು ಕಲೆಗೂ ಉತ್ತರ ಸಿಕ್ಕಿತು. ಡೈವರ್ಟರ್ ಕೂರಿಸಲು 4 ಇಂಚಿನ ಬ್ಲಾಕನ್ನು ಎರಡೂವರೆ ಇಂಚು ಕೊರೆದಿದ್ದರು. ಸುತ್ತ ಇಟ್ಟಿಗೆ ಚೂರು ತುರುಕಿ ಮೇಲೆ ತೆಳ್ಳಗೆ ಸಿಮೆಂಟ್ ಸವರಿದ್ದರು. ಆ ಜಾಗದಲ್ಲಿ ಗೋಡೆ ಅಂತ ಉಳಿದಿದ್ದು ಒಂದೂವರೆ ಇಂಚು. ಡೈವರ್ಟರಿನ ಸ್ಟೀಲ್ ತಟ್ಟೆಯ ಹಿಂದೆ ಸಂದು ಮುಚ್ಚುವ ಸೀಲಂಟ್ ಇರಲಿಲ್ಲ. ನೀರು ತಟ್ಟೆಯ ಹಿಂದೆ ನುಗ್ಗಿ ಪೈಪಿನ ಗುಂಟ ಇಳಿದು ಆ ಗುಂಡಿಯಲ್ಲಿ ನಿಲ್ಲುತ್ತಿತ್ತು. ಪೈಪ್ ಲೀಕು ಅಂದವರು ಜಾಗ ಸರಿಯಾಗೇ ಹೇಳಿದ್ದರು. ಕಾರಣ ಮಾತ್ರ ತಪ್ಪಿತ್ತು.

ಇನ್ನು ಕೆಳಗೆ ನೋಡಿದರೆ, ನೆಲದಿಂದ ಒಂದಡಿ ಎತ್ತರದ ತನಕ ನೀರು ತಡೆಯುವ ಬೂದು ಬಣ್ಣದ ಲೇಪನ ನೀಟಾಗಿ ಇತ್ತು. ಅದರ ಮೇಲೆ ಬರೀ ಗಾರೆ. ಕಟ್ಟಿದ ಮೇಸ್ತ್ರಿ ಮೋಸ ಮಾಡಿರಲಿಲ್ಲ, ತನಗೆ ಗೊತ್ತಿದ್ದ ಪದ್ಧತಿ ಮಾಡಿದ್ದ. ನಮ್ಮಲ್ಲಿ ಬಚ್ಚಲೆಂದರೆ ಹಂಡೆ, ಬಕೆಟ್ಟು, ಚೊಂಬು. ನೀರೆಲ್ಲ ನೆಲಕ್ಕೆ ಬೀಳುತ್ತಿತ್ತು. ಗೋಡೆಗೆ ಸಿಡಿಯುತ್ತಿದ್ದುದು ಮೊಣಕಾಲು ಮಟ್ಟಕ್ಕೆ, ಜಾಸ್ತಿ ಅಂದರೆ ಸೊಂಟದ ಮಟ್ಟಕ್ಕೆ. ಅದಕ್ಕೆ ನೆಲ, ಮೇಲೆ ಒಂದಡಿ ಸಾಕಾಗಿತ್ತು. ಈಗ ಷವರ್ ಬಂದು ನೀರು ಆರೂವರೆ ಅಡಿಯಿಂದ ಗೋಡೆಗೆ ಹೊಡೆಯುತ್ತದೆ, ಮನೆಮಂದಿಯೆಲ್ಲ ಸೇರಿ ದಿನಕ್ಕೆ ಒಂದು ಗಂಟೆ. ಸ್ನಾನ ಬದಲಾಯಿತು, ಮೇಸ್ತ್ರಿಯ ಒಂದಡಿ ಬದಲಾಗಲಿಲ್ಲ. ಷವರ್ ಹಳೆಯ ಅಭ್ಯಾಸವಾಗಿರುವ ದೇಶಗಳಲ್ಲಿ ಇದಕ್ಕೆ ಲೆಕ್ಕವೇ ಇದೆ. ಆಸ್ಟ್ರೇಲಿಯಾದಲ್ಲಿ ಷವರ್ ಗೋಡೆಗೆ ನೆಲದಿಂದ ಕನಿಷ್ಠ 1,800 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಆರಡಿ ವಾಟರ್‌ಪ್ರೂಫಿಂಗ್ ಇರಬೇಕು. ನಮ್ಮ ಗೋಡೆಗೆ ನಾನು ಏಳಡಿ ಇಟ್ಟೆ, ಷವರ್ ಪೈಪು ಗೋಡೆಯಿಂದ ಹೊರಬರುವ ಜಾಗಕ್ಕಿಂತ ಮೇಲೆ.

ಲೇಪನ

ಮೊದಲು ಗೋಡೆ ಒಣಗಲು 18 ದಿನ ಬಿಟ್ಟೆವು. ಫ್ಯಾನ್ ಹಾಕಿ, ಎರಡು ಬದಿಯೂ ಬೆತ್ತಲೆ. ಭಾವ ದಿನಾ ಸಂಜೆ ಫೋನ್ ಮಾಡಿ "ಏನಾದ್ರೂ ಶುರು ಆಯ್ತಾ?" ಅನ್ನುತ್ತಿದ್ದರು. ಉಪ್ಪನ್ನು ತಂತಿ ಬ್ರಷ್ಷಿನಲ್ಲಿ ಒಣಗಿದಂತೆಯೇ ಉಜ್ಜಿ ತೆಗೆಸಿದೆ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಗೇ ಹೋಗುತ್ತದೆ.

ಪ್ಲಂಬರ್ ಹೊಸ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪು ಹಾಕಿ, ಕೈಪಂಪಿನಲ್ಲಿ ಪ್ರೆಶರ್ ಏರಿಸಿ, ಮೀಟರಿನ ಮುಳ್ಳು ಇಳಿಯದ್ದನ್ನು ತೋರಿಸಿದ. ಇದು ಗಾರೆ ಮುಚ್ಚುವ ಮುಂಚೆಯೇ ಆಗಬೇಕು. ಕೊರೆದ ಜಾಗಗಳನ್ನೆಲ್ಲ ಇಟ್ಟಿಗೆ ಚೂರಿಲ್ಲದೆ ಗಾರೆಯಲ್ಲೇ ಗಟ್ಟಿಯಾಗಿ ತುಂಬಿಸಿದೆ. ಆಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಲೆಕ್ಕದಲ್ಲಿ ಗಾರೆ, ತೂಕದ ಗುಂಡು ಬಿಟ್ಟು ನೇರ ನೋಡಿ. ಗಾರೆ ಗಟ್ಟಿಯಾಗಲು ಏಳು ದಿನ ನೀರು.

ಗಾರೆಗೆ ಮೇಸ್ತ್ರಿ ವಾಟರ್‌ಪ್ರೂಫ್ ಲಿಕ್ವಿಡ್ ಹಾಕಿದರು. 50 ಕೆ.ಜಿ. ಸಿಮೆಂಟ್ ಚೀಲಕ್ಕೆ 200 ಮಿಲಿ, ಡಬ್ಬಿಯ ಮೇಲೆ ಬರೆದಷ್ಟು. ಒಳ್ಳೆಯದೇ. ಅದಕ್ಕೆ ಐಎಸ್ 2645 ಅಂತ ಭಾರತೀಯ ಗುಣಮಟ್ಟದ ಸಂಖ್ಯೆಯೂ ಇದೆ. ಆದರೆ ಇದರಿಂದಲೇ ಅರ್ಧ ಬೆಂಗಳೂರು ಮೋಸ ಹೋಗಿರೋದು. "ಲಿಕ್ವಿಡ್ ಹಾಕಿದ್ದೀವಲ್ಲ ಸಾರ್, ಇನ್ಯಾಕೆ ಕೋಟಿಂಗು?" ಅಂತ ಮೇಸ್ತ್ರಿಯೂ ಕೇಳಿದರು. ಲಿಕ್ವಿಡ್ ಗಾರೆಯ ದಾಹ ಕಡಿಮೆ ಮಾಡುತ್ತದೆ. ಗಾರೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಅದನ್ನು ಮುಚ್ಚೋಕೆ ಲಿಕ್ವಿಡ್ಡಿನ ಕೈಲಿ ಆಗೋಲ್ಲ. ಮುಚ್ಚಬೇಕಾದ್ದು ಮೇಲಿನ ಪದರ.

ಪದರಕ್ಕೆ ನಾನು ಆರಿಸಿದ್ದು ಅಕ್ರಿಲಿಕ್ ದ್ರವ ಮತ್ತು ಸಿಮೆಂಟ್ ಪುಡಿ ಎರಡನ್ನೂ ಬೆರೆಸುವ ಥರದ್ದು. ಟಾರಿನ ಜಾತಿಯದಕ್ಕೆ ಟೈಲ್ಸ್ ಸರಿಯಾಗಿ ಅಂಟೋಲ್ಲ. ಪಾಲಿಯುರೆಥೇನ್ ಅನ್ನುವ ರಬ್ಬರಿನಂಥದ್ದು ಬಹಳ ಹಿಗ್ಗುತ್ತದೆ, ಆದರೆ ನುಣುಪು. ಹಸಿ ಇರುವಾಗಲೇ ಮರಳು ಎರಚಬೇಕು, ನೆಟ್ಟಗಿನ ಗೋಡೆಗೆ ಅದು ರಗಳೆ. ಸಿಮೆಂಟ್ ಜಾತಿಯದು ಗೋಡೆಗೂ ಹತ್ತುತ್ತದೆ, ಟೈಲ್ಸ್ ಗಮ್ಮಿಗೂ ಹತ್ತುತ್ತದೆ. ಗೋಡೆಯನ್ನು ಸ್ವಲ್ಪ ಒದ್ದೆ ಮಾಡಿ, ನೀರು ಹೊಳೆಯದ ಹಾಗೆ ಬಿಟ್ಟು ಹಚ್ಚಬೇಕು.

ನೆಲ ಮತ್ತು ಗೋಡೆ ಸೇರುವ ಜಾಗ ನನಗೆ ತಲೆನೋವಾಗಿತ್ತು. ನೆಲದ ಟೈಲ್ಸ್ ಪೂರ್ತಿ ತೆಗೆಯಲು ಭಾವ ಒಪ್ಪಲಿಲ್ಲ. ಗೋಡೆ ಪಕ್ಕದ ಒಂದು ಸಾಲು ಮಾತ್ರ ತೆಗೆಸಿ, ಕೆಳಗಿನ ಹಳೇ ಲೇಪನ ಗಟ್ಟಿಯಿರುವುದನ್ನು ನೋಡಿ, ಹೊಸದನ್ನು ಅದರ ಮೇಲೆ ಆರು ಇಂಚು ಹತ್ತಿಸಿದೆ. ಇಡೀ ಕೆಲಸದಲ್ಲಿ ನನಗೆ ಸಮಾಧಾನವಿಲ್ಲದ ತೀರ್ಮಾನ ಇದೊಂದೇ. ಬೇರೆಯವರ ಮನೆಯಾಗಿದ್ದರೆ ನೆಲವನ್ನೂ ಎತ್ತಿಸಿ ಅಂತ ಹಟ ಹಿಡಿಯುತ್ತಿದ್ದೆ. ಭಾವನ ಹತ್ತಿರ ಅಷ್ಟೆಲ್ಲ ಹಟ ನಡೆಯೋಲ್ಲ.

ಮೂಲೆಗಳನ್ನೆಲ್ಲ ಗಾರೆಯಲ್ಲಿ ದುಂಡಗೆ ಮಾಡಿ, ಮೊದಲ ಕೋಟ್ ಹಸಿ ಇರುವಾಗಲೇ ಆರು ಇಂಚು ಅಗಲದ ಫೈಬರ್ ಬಲೆಯ ಪಟ್ಟಿಯನ್ನು ಒತ್ತಿ ಕೂರಿಸಿದರು. ಪೈಪಿನ ಬಾಯಿಗಳ ಸುತ್ತಲೂ ಹಾಗೇ. ಬಲೆಯ ಚೌಕ ತುಂಡಿಗೆ ಮಧ್ಯೆ ತೂತು ಮಾಡಿ, ಪೈಪಿಗೆ ತೊಡಿಸಿ, ಮೇಲೆ ಬ್ರಷ್. ಮೊದಲ ಕೋಟ್ ಮೇಲಿಂದ ಕೆಳಕ್ಕೆ. ಎರಡನೆಯದು ಮಾರನೇ ದಿನ, ಅಡ್ಡಕ್ಕೆ. ಒಂದರಲ್ಲಿ ತಪ್ಪಿದ ಸೂಜಿತೂತು ಇನ್ನೊಂದರಲ್ಲಿ ಮುಚ್ಚಲಿ ಅಂತ. ಎರಡೂ ಸೇರಿ ಒಂದು ಮಿಲಿಮೀಟರ್ ಹತ್ತಿರ.

ಎರಡನೇ ದಿನ ಒಂದು ಎಡವಟ್ಟಾಯಿತು. ಬೆರೆಸಿದ ಮಾಲು ಅರ್ಧ ಗಂಟೆಯಲ್ಲಿ ಗಟ್ಟಿಯಾಗತೊಡಗುತ್ತದೆ. ಮೇಸ್ತ್ರಿ ಟೀಗೆ ಹೋಗಿದ್ದರು. ಕೆಲಸದ ಹುಡುಗ ಪಾಪ, ದಂಡ ಆಗದಿರಲಿ ಅಂತ ಅರ್ಧ ಮಗ್ ನೀರು ಸುರಿದು ಕಲಕಿಬಿಟ್ಟ. ನೋಡೋಕೆ ಚೆನ್ನಾಗೇ ಕಂಡಿತು, ಬ್ರಷ್ಷೂ ಸರಾಗ. ಆದರೆ ಆ ನೀರು ಆವಿಯಾಗಿ ಹೋದ ಮೇಲೆ ಪದರ ತೆಳ್ಳಗಾಗಿ, ಪುಡಿಪುಡಿ ಆಗುತ್ತದೆ. ಇಡೀ ಬಕೆಟ್ ಹೊರಗೆ ಹಾಕಿಸಿದೆ. ಆಮೇಲಿಂದ ಖಾಲಿ ಡಬ್ಬಿಗಳನ್ನು ಎಣಿಸಿಡಲು ಹೇಳಿದೆ. ಇಷ್ಟು ಚದರಡಿಗೆ ಇಷ್ಟು ಕೆ.ಜಿ. ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಮಾಲು ಉಳಿದರೆ ಉಳಿತಾಯ ಅಂತ ಖುಷಿ ಪಡಬಾರದು, ಪದರ ತೆಳ್ಳಗಾಯಿತು ಅಂತ ಅರ್ಥ.

ನೆಲದಲ್ಲಿ ನೀರು ನಿಲ್ಲಿಸಿ ಪರೀಕ್ಷೆ ಮಾಡಬಹುದು. ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಹೊರಹೋಗುವ ಬಾಯಿ, ಮುಚ್ಚಿ 48 ಗಂಟೆ ನಿಲ್ಲಿಸಿದೆವು, ಜಾಯಿಂಟ್ ತಡೆದುಕೊಂಡಿತು. ಗೋಡೆಗೆ ನೀರು ನಿಲ್ಲಿಸೋದು ಹೇಗೆ? ಮತ್ತೆ ಅದೇ ಹೋಸ್ ಪೈಪು. ಲೇಪನ ಚೆನ್ನಾಗಿ ಗಟ್ಟಿಯಾದ ಮೇಲೆ ದಿನಕ್ಕೆ ಒಂದು ಗಂಟೆಯಂತೆ ಮೂರು ದಿನ. ಕೋಣೆಯ ಬದಿಯಲ್ಲಿ ಹೊಸ ಪೆನ್ಸಿಲ್ ಗೆರೆ. ಗೆರೆಯಾಚೆ ಏನೂ ಬರಲಿಲ್ಲ.

ಟೈಲ್ಸ್ ಮೇಸ್ತ್ರಿ ಬಂದ ದಿನ

ಟೈಲ್ಸ್ ಹಾಕುವವರು ಬೇರೆ. ನಾನು ಬೆಳಗ್ಗೆ ಒಂಬತ್ತೂವರೆಗೆ ತಲುಪಿದಾಗ ಒಳಗಿಂದ ಟಣ್ ಟಣ್ ಸದ್ದು. ಎದೆ ಧಸಕ್ಕೆಂದಿತು. ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ಗೋಡೆಯನ್ನು ಕೊಚ್ಚುತ್ತಿದ್ದರು.

"ಏನ್ ಮಾಡ್ತಿದ್ದೀರ ಮೇಸ್ತ್ರಿ?"

"ನುಣ್ಣಗಿದೆ ಸಾರ್. ಕೊಚ್ಚದೆ ಇದ್ರೆ ಸಿಮೆಂಟ್ ಹಿಡಿಯಲ್ಲ."

ಅವರು 30 ವರ್ಷದಿಂದ ಹಾಗೇ ಮಾಡುತ್ತಾ ಬಂದವರು. ಗಾರೆ ಗೋಡೆಯಾದರೆ ಅವರು ಹೇಳಿದ್ದು ಸರಿ. ಇಲ್ಲಿ ಒಂದೊಂದು ಏಟೂ ಲೇಪನಕ್ಕೆ ಒಂದೊಂದು ತೂತು. ಎಣಿಸಿದರೆ 23 ಗಾಯ. ಒಂದೊಂದನ್ನೂ ಬ್ರಷ್‌ನಿಂದ ತುಂಬಿ, ಆ ಜಾಗಕ್ಕೆಲ್ಲ ಮತ್ತೆ ಎರಡು ಕೋಟ್. ಎರಡು ದಿನ ಹೋಯಿತು. ತಪ್ಪು ನನ್ನದೇ. ಲೇಪನ ಮಾಡಿದವರಿಗೂ ಟೈಲ್ಸ್ ಹಾಕುವವರಿಗೂ ನಡುವೆ ಮಾತಾಡಬೇಕಾದವನು ನಾನಿದ್ದೆ, ಹಿಂದಿನ ದಿನ ಫೋನ್ ಮಾಡಿರಲಿಲ್ಲ. ಗೋಡೆಯ ಮೇಲೆ ಕಾಣುವಂತೆ ಸೀಮೆಸುಣ್ಣದಲ್ಲಿ "ಕೊಚ್ಚಬೇಡಿ" ಅಂತ ಬರೆಯುವ ಅಭ್ಯಾಸ ಅವತ್ತಿಂದ ಶುರುವಾಯಿತು.

ಅಕ್ಕ ಆರಿಸಿದ್ದು ವಿಟ್ರಿಫೈಡ್ ಟೈಲ್ಸ್, ಎರಡಡಿಗೆ ಒಂದಡಿ. ಅದು ನೀರನ್ನು ಹೀರುವುದೇ ಇಲ್ಲ ಅನ್ನಬಹುದು, ನೂರಕ್ಕೆ ಅರ್ಧ ಭಾಗಕ್ಕಿಂತ ಕಡಿಮೆ. ಅದೇ ಕಾರಣಕ್ಕೆ ಸಿಮೆಂಟ್ ಹಾಲನ್ನೂ ಹೀರೋಲ್ಲ, ಬರೀ ಸಿಮೆಂಟಿಗೆ ಸರಿಯಾಗಿ ಅಂಟೋಲ್ಲ. ಅದಕ್ಕೆ ಟೈಲ್ಸ್ ಗಮ್ಮೇ ಬೇಕು. ಐಎಸ್ 15477 ಅಂತ ಚೀಲದ ಮೇಲೆ ಇರುವಂಥದ್ದು. ಹಲ್ಲಿನ ಕರಣೆಯಲ್ಲಿ ಗೋಡೆಗೆ ಎಳೆದು, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಸವರಿ ಒತ್ತಬೇಕು. ಮೇಸ್ತ್ರಿ ಮೊದಲೆರಡು ಟೈಲ್ಸ್ ಗೊಣಗುತ್ತಲೇ ಹಾಕಿದರು. ಎರಡನೆಯದನ್ನು ನಾನು ಕೂಡಲೇ ಕಿತ್ತು ಬೆನ್ನು ತೋರಿಸಿದೆ, ಪೂರ್ತಿ ತುಂಬಿತ್ತು. "ಉಂಡೆ ಇಡೋದಕ್ಕಿಂತ ಬೇಗ ಆಗುತ್ತೆ ಅಲ್ವಾ?" ಅಂದೆ. ನಕ್ಕರು.

ಸಂದಿಗೆ ಎಪಾಕ್ಸಿ ಗ್ರೌಟ್. ಮೂಲೆಗಳಿಗೆ, ನೆಲ-ಗೋಡೆ ಸೇರುವಲ್ಲಿ, ಡೈವರ್ಟರ್ ತಟ್ಟೆಯ ಸುತ್ತ ಮಾತ್ರ ಗ್ರೌಟಲ್ಲ, ಸಿಲಿಕೋನ್ ಸೀಲಂಟ್. ಅಲ್ಲಿ ಗೋಡೆಗಳು ಒಂದಿಷ್ಟು ಅಲುಗುತ್ತವೆ, ಗಟ್ಟಿ ಗ್ರೌಟ್ ಬಿರಿಯುತ್ತದೆ.

ಒಂದು ಜಗಳ ಉಳಿದಿತ್ತು. ಅಕ್ಕನಿಗೆ ಷವರ್ ಕೆಳಗೆ ಸ್ಟೀಲಿನ ಸೋಪ್ ಸ್ಟ್ಯಾಂಡ್ ಬೇಕು, ನಾಲ್ಕು ಸ್ಕ್ರೂ ಹಾಕುವಂಥದ್ದು. ಇಷ್ಟೆಲ್ಲ ಮಾಡಿ ಡ್ರಿಲ್ ಹಿಡಿಯೋದಾ? ಕೊನೆಗೆ ಅಂಟಿಸುವ ಸ್ಟ್ಯಾಂಡ್ ತಂದೆ. ಗೀಸರ್ ಬ್ರಾಕೆಟ್ ಲೇಪನಕ್ಕಿಂತ ಮೇಲಿತ್ತು, ಅದಕ್ಕೆ ಚಿಂತೆಯಿಲ್ಲ. ಆಸಿಡ್ ಬಾಟಲಿಯನ್ನು ಅತ್ತೆಯವರೇ ತಗೊಂಡು ಹೋಗಿ ಎಲ್ಲೋ ಇಟ್ಟರು. ದಿನಾ ಸ್ನಾನ ಆದ ಮೇಲೆ ವೈಪರಿನಲ್ಲಿ ನೀರು ಎಳೆದರೆ ಕಲೆಯೇ ಕೂರೋಲ್ಲ ಅಂತ ಮಕ್ಕಳಿಗೆ ಆಜ್ಞೆಯಾಯಿತು.

ಆಮೇಲೆ

ಖರ್ಚಿನ ಚೀಟಿ ನೋಡಿ ಭಾವ ಒಂದು ಮಾತು ಹೇಳಿದರು. ಲೇಪನದ ಮಾಲಿಗೆ ಆಗಿದ್ದು, ಹಳೇ ಟೈಲ್ಸ್ ಒಡೆದು ಕಸ ಸಾಗಿಸಲು ಕೊಟ್ಟದ್ದಕ್ಕಿಂತ ಕಡಿಮೆ. "ಮನೆ ಕಟ್ಟೋವಾಗ ಇದನ್ನ ಹೇಳೋರು ಯಾರೂ ಇರಲಿಲ್ವಲ್ಲೋ" ಅಂದರು. ನಾನು ಆಗ ಇನ್ನೂ ಕಾಲೇಜಿನಲ್ಲಿದ್ದೆ.

ಕೋಣೆಯ ಬದಿಗೆ ಎರಡು ತಿಂಗಳು ಬಣ್ಣ ಹೊಡೆಯಲು ಬಿಡಲಿಲ್ಲ. ಗೋಡೆಯೊಳಗೆ ಉಳಿದ ನೀರಿಗೆ ಈಗ ಬಚ್ಚಲ ಕಡೆ ದಾರಿ ಮುಚ್ಚಿದೆ, ಹೊರಗೆ ಹೋಗಲು ಈ ಬದಿ ಒಂದೇ. ಆಗಾಗ ಉಪ್ಪು ಬಂತು, ಉಜ್ಜಿದೆವು. ಮೂರನೇ ತಿಂಗಳು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಟೇಪಿನಲ್ಲಿ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟು ತೆಗೆದೆ. ಹಿಂದೆ ಬೆವರಿರಲಿಲ್ಲ. ಆಮೇಲೆ ಪುಟ್ಟಿ, ಬಣ್ಣ, ಹೊಸ ಪ್ಲೈವುಡ್. ವಾರ್ಡ್‌ರೋಬನ್ನು ಗೋಡೆಯಿಂದ ಒಂದು ಇಂಚು ಮುಂದೆ ನಿಲ್ಲಿಸಿದೆವು.

ಹಿಂದಿನ ಪ್ಲೈವುಡ್‌ನಲ್ಲಿ ಅಂಗೈಯಗಲದ ಒಂದು ಕಿಂಡಿ ಬಿಡಿಸಿದ್ದೇನೆ. ಅದರ ಹಿಂದೆ ಗೋಡೆಗೆ ಬಣ್ಣವಿಲ್ಲ. ಹಳೇ ಪೆನ್ಸಿಲ್ ಗೆರೆ, ತಾರೀಖು ಹಾಗೇ ಇವೆ. ಅಕ್ಕನ ಮನೆಗೆ ಹೋದಾಗಲೆಲ್ಲ ಸೀರೆ ಸರಿಸಿ ಅದನ್ನು ನೋಡುತ್ತೇನೆ. ಒಂದು ಪೂರ್ತಿ ಮಳೆಗಾಲ ಕಳೆದಿದೆ, ಗೆರೆಯೊಳಗೆ ಒಣ ಗಾರೆ. "ಬಂದೋರು ಮೊದಲು ಕೈಕಾಲು ತೊಳ್ಕೊಂಡು ಕಾಫಿ ಕುಡೀತಾರೆ, ನೀನು ನನ್ನ ಬೀರುಗೆ ತಲೆ ಹಾಕ್ತೀಯ" ಅಂತ ಅಕ್ಕ ಬಯ್ಯುತ್ತಾಳೆ.